ಕೆರೆಗೊಂದು ಕೊಸರು

ಕೊತ್ತಂಬರಿ ಸೊಪ್ಪಿನ ಕಟ್ಟನ್ನು ಚೀಲಕ್ಕೆ ಹಾಕಿಕೊಂಡ ಮೇಲೂ ಅಂಗಡಿಯ ಮುಂದಿನಿಂದ ಕದಲದೆ, ಎರಡೆಸಳು ಕರಿಬೇವಿಗಾಗಿ ಸುಮ್ಮನೆ ನಿಂತಿರುವ ಗಂಡಸಿನ ಮುಖದ ಮೇಲೆ ಮೂಡುವ ಆ ವಿಶಿಷ್ಟ ದೈನ್ಯವನ್ನು ನೀವು ಎಂದಾದರೂ ಗಮನಿಸಿದ್ದೀರಾ? ನನ್ನದನ್ನು ನಾನು ನೋಡಿಕೊಂಡಿಲ್ಲ. ನೋಡಿರುವ ನನ್ನ ಹೆಂಡತಿ ಶಾರದೆ ಅದನ್ನು ಬಣ್ಣಿಸುವ ರೀತಿಯನ್ನು ಇಲ್ಲಿ ಬರೆಯುವಷ್ಟು ಧೈರ್ಯ ನನಗಿಲ್ಲ. ಕೊಂಡದ್ದರ ಮೇಲೆ ಮಾರುವವರು ಪ್ರೀತಿಯಿಂದಲೋ, ಪೀಡೆ ತೊಲಗಲಿ ಎಂದೋ ಹಾಕುವ ಈ ಚೂರುಪಾರಿಗೆ ಕೊಸರು ಎನ್ನುತ್ತಾರಷ್ಟೆ. ಮಧುಗಿರಿಯ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವ ಪುಟ್ಟಮ್ಮನ ಕೈಯಿಂದ ನಾನು ವರ್ಷಾನುಗಟ್ಟಲೆ ಪಡೆದ ಕೊಸರನ್ನೆಲ್ಲ ಒಟ್ಟು ಹಾಕಿದರೆ ಒಂದು ಕರಿಬೇವಿನ ತೋಪೇ ಆದೀತು.

ಇಷ್ಟು ದೀನವಾಗಿ ಚೌಕಾಸಿ ಮಾಡುವ ನಾನು ಕಾಲೇಜಿನಲ್ಲಿ ಕಲಿಸುತ್ತಿದ್ದುದು ಏನನ್ನು ಗೊತ್ತೇ? ಸಂಧಾನವನ್ನು! ಅದು ಆದದ್ದು ಹೀಗೆ. ಅರ್ಥಶಾಸ್ತ್ರದ ಪಠ್ಯದಲ್ಲಿ ಸುಸ್ಥಿರತೆ ಎಂಬ ಅಧ್ಯಾಯವೊಂದಿತ್ತು. ನಿಸರ್ಗದಿಂದ ಇಂದು ಎಷ್ಟು ತೆಗೆದುಕೊಂಡರೆ ನಾಳೆಯವರಿಗೂ ಉಳಿದೀತು ಎಂಬ ಘನವಾದ ವಿಚಾರ. ಅದನ್ನು ನಾನು ಘನಗಂಭೀರವಾಗಿ ಬೋಧಿಸಿದಷ್ಟೂ ಮಕ್ಕಳ ಮುಖದಲ್ಲಿ ಸುಸ್ತು ಮಾತ್ರ ಸ್ಥಿರವಾಗಿ ನಿಲ್ಲುತ್ತಿತ್ತು. ಕೊನೆಗೊಂದು ದಿನ ಬೇಸತ್ತು, ಮನೆಯಿಂದ ಒಂದು ಹಿತ್ತಾಳೆ ಚೊಂಬನ್ನೂ ಅದರ ತುಂಬ ಹುಣಸೆ ಬೀಜವನ್ನೂ ತಂದು ಮೇಜಿನ ಮೇಲಿಟ್ಟು, ‘ಇದು ಕೆರೆ’ ಎಂದೆ.

ಆಟ ಬಹಳ ಸರಳ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದು ಸುತ್ತಲಿನ ತಾಲ್ಲೂಕುಗಳ ಹೆಸರಿನಲ್ಲಿ ತರಗತಿಯಲ್ಲೇ ನಾಲ್ಕು ಗುಂಪು. ಪ್ರತಿ ಸುತ್ತಿನಲ್ಲೂ ನಾಲ್ವರೂ ಮಾತಾಡಿ ಒಪ್ಪಿಕೊಂಡು ತಮತಮಗೆ ಬೇಕಾದಷ್ಟು ಬೀಜ ತೆಗೆದುಕೊಳ್ಳಬೇಕು. ಚೊಂಬಿನಲ್ಲಿ ಎಷ್ಟು ಉಳಿಯಿತೋ ಅಷ್ಟೇ ಬೀಜವನ್ನು ನಾನು ‘ಮಳೆ ಬಂತು’ ಎನ್ನುತ್ತ ಮೇಲಿಂದ ಸುರಿಯುತ್ತೇನೆ. ಹೀಗೆ ಆರು ಸುತ್ತು ಕೆರೆ ಬದುಕಿದರೆ ಎಲ್ಲರೂ ಗೆದ್ದಂತೆ, ಬತ್ತಿದರೆ ಎಲ್ಲರೂ ಸೋತಂತೆ.

ಅಬ್ಬಬ್ಬಾ, ಆ ಗಲಾಟೆಯೇ! ಶಿರಾದವರು ‘ಬಿಲ್ಕುಲ್ ಆಗಲ್ಲ’ ಎಂದು ಮೇಜು ಕುಟ್ಟಿದರೆ, ಪಾವಗಡದವರು ತಮ್ಮ ಗಡಿಯೂರಿನ ಹೆಸರಿಗೆ ತಕ್ಕಂತೆ ಕನ್ನಡದಲ್ಲಿ ಶುರುಮಾಡಿದ ಜಗಳವನ್ನು ತೆಲುಗಿನಲ್ಲಿ ಮುಗಿಸುತ್ತಿದ್ದರು. ಜೇನಿನ ಬೆಟ್ಟದ ಹೆಸರಿಟ್ಟುಕೊಂಡ ನಮ್ಮ ಮಧುಗಿರಿಯವರ ಬಾಯಲ್ಲಿ ಜೇನಿಗಿಂತ ಕೊಂಡಿಯೇ ಹೆಚ್ಚು. ಒಮ್ಮೆಯಂತೂ ಬೀಜದ ಲೆಕ್ಕ ತಪ್ಪಿ ವಿಚಾರಿಸಿದಾಗ, ನಾನು ತಂದದ್ದು ಹುರಿದ ಬೀಜವೆಂಬುದೂ, ಕೊರಟಗೆರೆಯ ಗುಂಪು ಸಂಧಾನ ನಡೆಯುತ್ತಿರುವಾಗಲೇ ಕಾಲು ಕೆರೆಯನ್ನು ಕಟುಂ ಕಟುಂ ಎಂದು ಅಗಿದು ನುಂಗಿದೆಯೆಂಬುದೂ ಬಯಲಾಯಿತು. ನಿಜ ಹೇಳಬೇಕೆಂದರೆ ನನಗೆ ಆ ಮಕ್ಕಳ ಮೇಲೆ ಪ್ರೀತಿ ಉಕ್ಕಿದ್ದೇ ಈ ಜಗಳಗಳ ನಡುವೆ. ಆದರೆ ಆಟದ ಫಲ ಮಾತ್ರ ಪ್ರತಿ ವರ್ಷವೂ ಒಂದೇ: ನಾಲ್ಕನೆಯ ಸುತ್ತಿಗೆ ಚೊಂಬು ಖಾಲಿ.

ಹೀಗೇ ನನ್ನ ನಿವೃತ್ತಿಯೂ ಹತ್ತಿರ ಬಂತು. ಮೈಸೂರಿನಲ್ಲಿ ನನ್ನ ತಮ್ಮನ ಮನೆಯ ಪಕ್ಕದಲ್ಲಿ ಬಾಡಿಗೆಗೆ ಒಂದು ಮನೆಯನ್ನು ನೋಡಿಯೂ ಬಂದಿದ್ದೆವು, ಮುಂಗಡ ಕೊಡುವುದೊಂದು ಬಾಕಿ. ಹೊರಡುವ ಮುಂಚೆ ಒಂದೇ ಒಂದು ಸಲ ಆರನೆಯ ಸುತ್ತಿನಲ್ಲಿ ಚೊಂಬಿನ ತಳದಲ್ಲಿ ನಾಲ್ಕು ಬೀಜ ಉಳಿದಿರುವುದನ್ನು ಕಣ್ಣಾರೆ ಕಾಣಬೇಕೆಂಬ ಆಸೆ ನನ್ನನ್ನು ಹಿಡಿದು ಅಲ್ಲಾಡಿಸತೊಡಗಿತು. ಅದಾಗದಿದ್ದರೆ ಇಷ್ಟು ವರ್ಷ ನಾನು ಕಲಿಸಿದ್ದು ಕೆರೆ ಬತ್ತಿಸುವ ವಿದ್ಯೆಯನ್ನಷ್ಟೇ ಎಂದಾಗುತ್ತದೆ, ಅಲ್ಲವೇ? ನಗಬೇಡಿ, ನಿದ್ದೆಗೆಡುವಷ್ಟು ಸಂಕಟವಾಗಿತ್ತು ನನಗೆ.

ಕೊನೆಯ ಪ್ರಯತ್ನವೆಂದು, ನಾಲ್ಕೂ ತಾಲ್ಲೂಕಿನ ಕಾಲೇಜುಗಳ ಪರಿಚಿತ ಅಧ್ಯಾಪಕರಿಗೆ ಹೇಳಿ, ಆಯಾ ತಾಲ್ಲೂಕಿನ ಮಕ್ಕಳೇ ಆಯಾ ಗುಂಪಾಗಿ ಒಂದು ಭಾನುವಾರ ಬೆಳಿಗ್ಗೆ ಆನ್‌ಲೈನಿನಲ್ಲಿ ಆಡುವಂತೆ ಏರ್ಪಾಟು ಮಾಡಿದೆ. ಚೊಂಬು ನನ್ನ ಕ್ಯಾಮೆರಾದ ಮುಂದೆ. ಅವರು ಹೇಳಿದಷ್ಟು ಬೀಜವನ್ನು ನಾನು ತೆಗೆದಿಡುವುದು. ಶಿರಾ ಗುಂಪಿನ ಗೌಡಗೆರೆಯ ಹುಡುಗಿಯೊಬ್ಬಳು ಸಿಗ್ನಲ್ಲಿಗಾಗಿ ಮನೆಯ ಮೇಲಿನ ನೀರಿನ ಟ್ಯಾಂಕಿಗೆ ಒರಗಿ ಕೂತು ನೀರಿಗಾಗಿ ವಾದಿಸುತ್ತಿದ್ದಳು. ತರಗತಿಯ ಗಲಾಟೆಯ ಸುಳಿವೂ ಇಲ್ಲ, ಎಲ್ಲರೂ ಸಭ್ಯರು, ಎಲ್ಲರ ಬಾಯಿಗೂ ಮ್ಯೂಟಿನ ಬೀಗ. ಇದೇ ಸರಿ ಎಂದು ನಾನು ಹಿಗ್ಗುತ್ತಿರುವಾಗಲೇ ಎರಡನೆಯ ಸುತ್ತಿಗೆ ಅರ್ಧ ಚೊಂಬು ಬರಿದಾಯಿತು! ಎದುರಿಗೆ ಕೂತವನ ಮುಖ ಬಾಡುವುದು ಕಾಣದಿದ್ದರೆ ಕೈ ಇನ್ನಷ್ಟು ಧಾರಾಳವಾಗಿ ಬಾಚುತ್ತದೆಂಬುದು ನನಗೆ ಹೊಳೆದಿರಲಿಲ್ಲ. ಮೂರನೆಯ ಸುತ್ತಿಗೆ ನಾಲ್ಕು ಗುಂಪಿನ ಬೇಡಿಕೆಯನ್ನೂ ಕೂಡಿದರೆ ಚೊಂಬಿನಲ್ಲಿದ್ದ ಬೀಜಕ್ಕೆ ಸರಿಸಮವಾಯಿತು. ನಾನು ಚೊಂಬಿನೊಳಗೆ ಕೈ ಇಳಿಸಿದೆ.

ಆಗ ಮಧುಗಿರಿಯ ಗುಂಪಿನ ಕಾವ್ಯಳ ಫೋನಿನಿಂದ ಒಂದು ಕಂಠ ಸಿಡಿಯಿತು. ಕಾವ್ಯ ಬೇರಾರೂ ಅಲ್ಲ, ಪುಟ್ಟಮ್ಮನ ಮೊಮ್ಮಗಳು. ಭಾನುವಾರವಾದ್ದರಿಂದ ಅಜ್ಜಿಯ ಸೊಪ್ಪಿನ ರಾಶಿಯ ಪಕ್ಕದಲ್ಲೇ ಕೂತು ಆಡುತ್ತಿದ್ದವಳು ಮ್ಯೂಟ್ ಮಾಡಲು ಮರೆತಿದ್ದಳು.

“ಲೇ ಕಾವಿ, ಎಲ್ಲಾ ಬಳ್ಕೊಂಬುಟ್ರೆ ಹೆಂಗ್ಲೇ? ಕೆರೆಗೆ ಕೊಸ್ರು ಬುಡಲ್ವಾ?”

“ಸುಮ್ಕಿರಜ್ಜಿ, ಇದು ಆಟ! ಕೆರೆ ಏನು ಗಿರಾಕಿನಾ ಕೊಸ್ರು ಕೊಡಕ್ಕೆ?”

“ಹೂಂ ಕಣ್ಲೇ, ಗಿರಾಕಿನೇ! ನಾನ್ಯಾಕೆ ನಿಮ್ ಮೇಷ್ಟ್ರಿಗೆ ದಿನಾ ಕರಿಬೇವು ಹಾಕೋದು? ನಾಳೀಕೂ ಬರ್ಲಿ ಅಂತ. ಕೆರೆನೂ ನಾಳೀಕೆ ಬರ್ಬೇಕೋ ಬ್ಯಾಡ್ವೋ?”

ನಾಲ್ಕು ತಾಲ್ಲೂಕುಗಳ ಮುಂದೆ ನನ್ನ ಕರಿಬೇವಿನ ಚರಿತ್ರೆ ಹೀಗೆ ಬಟಾಬಯಲಾಯಿತು. ಮ್ಯೂಟ್ ತೆರೆದು ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು, ನಗುವಿನೊಡನೆ ಗಲಾಟೆಯೂ ಮರಳಿತು. ಆ ಗದ್ದಲದಲ್ಲೇ ವೈ.ಎನ್.ಹೊಸಕೋಟೆಯ ಹುಡುಗನೊಬ್ಬ, “ಸರಿ ಸಾ, ಪಾವಗಡದ್ದು ಒಂದು ಹಿಡಿ ಕೊಸ್ರು ಬುಟ್ಬುಡಿ” ಎಂದ. ಬರಕ್ಕೆ ಹೆಸರಾದ ಪಾವಗಡವೇ ಬಿಟ್ಟ ಮೇಲೆ ಮಿಕ್ಕವರು ಬಿಡದಿದ್ದರೆ ಮರ್ಯಾದೆಯೇ? ಉಳಿಸಿ, ತ್ಯಾಗ ಮಾಡಿ ಎಂದು ನಾನು ಬೇಡಿಕೊಂಡಾಗ ಕದಲದಿದ್ದವರು ಕೊಸರು ಎಂದ ಕೂಡಲೇ ಕೈ ಸಡಿಲಿಸಿದರು. ನಾಲ್ಕನೆಯದು, ಐದನೆಯದು ದಾಟಿ ಆರನೆಯ ಸುತ್ತು ಮುಗಿದಾಗ ಚೊಂಬಿನ ಅರ್ಧಕ್ಕೂ ಮೇಲೆ ಬೀಜವಿತ್ತು. ಕನ್ನಡಕ ಒರೆಸುವ ನೆಪದಲ್ಲಿ ನಾನು ಕ್ಯಾಮೆರಾ ಆರಿಸಿದೆ. ಒಳಗಿನಿಂದ ಶಾರದೆ, “ಅತ್ರಾ?” ಎಂದಳು. ಹೌದು, ಅತ್ತಿದ್ದೆ.

ಮಾರನೆಯ ಬೆಳಿಗ್ಗೆ ಕೊತ್ತಂಬರಿ ಕೊಳ್ಳಲು ಹೋದಾಗ ನಾನು ಹೊಸ ಮನುಷ್ಯನಾಗಿದ್ದೆ. ಇಷ್ಟು ವರ್ಷ ಆ ಮುದುಕಿಯಿಂದ ಬರೀ ಬಾಚಿಕೊಂಡೆನಲ್ಲ ಎಂಬ ಪಾಪಪ್ರಜ್ಞೆಯಿಂದ, ಕಟ್ಟನ್ನು ಚೀಲಕ್ಕೆ ಹಾಕಿಕೊಂಡವನೇ ನಿಲ್ಲದೆ ಹೊರಟೆ. ಅವಳು ಕರಿಬೇವು ಹಿಡಿದ ಕೈಯನ್ನು ಚಾಚಿದಾಗಲೂ, “ಇವತ್ತು ಬೇಡ ಪುಟ್ಟಮ್ಮ” ಎಂದು ಉದಾತ್ತವಾಗಿ ತಲೆಯಾಡಿಸಿದೆ. ಚಾಚಿದ ಕೈ ಹಾಗೇ ನಿಂತುಬಿಟ್ಟಿತು. ಅವಳ ಮುಖದಲ್ಲಿ ಅಷ್ಟು ಗಾಬರಿಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

“ಯಾಕ್ ಮೇಷ್ಟ್ರೇ, ನಾಳೆಯಿಂದ ಬರಾಕಿಲ್ವಾ?”

ಮೈಸೂರಿನ ಮನೆಯ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಅದನ್ನು ಅಲ್ಲಿಯೇ ನುಂಗಿ, “ಬರ್ತೀನಿ ಕಣಮ್ಮ, ಹಾಕು” ಎಂದು ಚೀಲದ ಬಾಯನ್ನು ಅಗಲವಾಗಿ ತೆರೆದು ಹಿಡಿದೆ.