ಟ್ರಂಕಿನೊಳಗಿನ ಜೋಡಿ ನವಿಲು

ನಮ್ಮ ಹೆಡ್‌ಮಾಸ್ತರರಿಗೆ ಮೊಬೈಲಿನಲ್ಲಿ ಬಿಲ್ಲೆ ಜೋಡಿಸುವ ಆಟದ ಹುಚ್ಚು. ಒಂದೇ ಚಿತ್ರದ ಎರಡು ಬಿಲ್ಲೆ ಹುಡುಕಿ ಒತ್ತಿದರೆ ಅವು ಟಣ್ ಎಂದು ಮಾಯವಾಗುತ್ತವೆ, ಅಷ್ಟೇ. ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಶುರುವಾದ ಆಟ ಗಬ್ಬೂರು ದಾಟಿ, ನಾವಿಬ್ಬರೂ ಪಾಠ ಮಾಡುವ ದೇವದುರ್ಗ ತಾಲ್ಲೂಕಿನ ಸಣ್ಣ ಶಾಲೆಯ ಕುರ್ಚಿಯವರೆಗೂ ನಡೆಯುತ್ತಿತ್ತು. ಬಿಸಿಯೂಟದ ಹೊತ್ತಿಗೆ ಚಾರ್ಜು ಮುಗಿಯುತ್ತಿತ್ತು. ಆಗ ಅವರಿಗೆ ಶಾಲೆ ನೆನಪಾಗುತ್ತಿತ್ತು.

"ಇದು ಚೀನಾದ್ದರೀ ಮೇಡಂ, ಭಾಳ ಹಳೇ ವಿದ್ಯಾ. ಮೆದುಳಿಗೆ ಕಸರತ್ತು," ಎನ್ನುತ್ತಿದ್ದರು. ನಾನೂ ವಿಚಾರಿಸಿ ನೋಡಿದೆ. ಚೀನಾದಲ್ಲಿ ಈ ಬಿಲ್ಲೆಗಳನ್ನಿಟ್ಟುಕೊಂಡು ನಾಲ್ಕು ಜನ ಮೇಜಿನ ಸುತ್ತ ಕೂತು, ಹರಟೆ ಹೊಡೆದು, ಜಗಳಾಡಿ ಆಡುತ್ತಾರಂತೆ. ಕಂಪ್ಯೂಟರಿನವರು ಬಂದು ಬಿಲ್ಲೆಗಳನ್ನು ಉಳಿಸಿಕೊಂಡು ಮೂರು ಜನರನ್ನು ಎಬ್ಬಿಸಿ ಕಳಿಸಿದರು. ಉಳಿದ ಒಬ್ಬರು ನಮ್ಮ ಹೆಡ್‌ಮಾಸ್ತರರು.

ಆದರೆ ಆ ಹುಚ್ಚು ನನಗೆ ಅರ್ಥವಾಗುತ್ತಿತ್ತು. ನಾನು ಮಾನ್ವಿ ತಾಲ್ಲೂಕಿನ ಬಾಗಲವಾಡದಲ್ಲಿ ಬೆಳೆದವಳು. ಅಲ್ಲಿ ನಾವು ಬಳೆಚೂರುಗಳನ್ನು ಮಣ್ಣಿನಲ್ಲಿ ಹೂತು, ಒಂದೇ ಬಣ್ಣದ ಎರಡನ್ನು ತೆಗೆದವಳು ಗೆದ್ದಳು ಎಂದು ಆಡುತ್ತಿದ್ದೆವು. ಹಸಿರಿಗೆ ಹಸಿರು ಸಿಕ್ಕಾಗ ಎದೆಯಲ್ಲಿ ಏನೋ ತಣ್ಣಗಾಗುತ್ತಿತ್ತು. ಊರಲ್ಲಿ, ಮನೆಯಲ್ಲಿ ಯಾವುದೂ ಯಾವುದಕ್ಕೂ ಹೊಂದುತ್ತಿರಲಿಲ್ಲ. ಇಲ್ಲಾದರೂ ಹೊಂದಿತಲ್ಲ ಎಂಬ ಸಮಾಧಾನ ಅದು. ಅರ್ಥವಾಗದೆ ಉಳಿದದ್ದು ಹೆಡ್‌ಮಾಸ್ತರರ ಟ್ರಂಕು.

ಒಂದು ದಿನ ಶಾಲೆಗೆ ಮಕ್ಕಳ ಆಟಕ್ಕೆಂದು ಚಿತ್ರದ ಕಾರ್ಡುಗಳು ಬಂದವು. ಎರಡು ನವಿಲು, ಎರಡು ಬಂಡಿ, ಎರಡು ಮಾವಿನಹಣ್ಣು, ಹೀಗೆ ಜೋಡಿ ಜೋಡಿ. ಎರಡನೇ ತರಗತಿಯ ಒಬ್ಬ ಹುಡುಗಿ ಓಡಿಬಂದು ನವಿಲನ್ನು ಎತ್ತಿಕೊಂಡೇಬಿಟ್ಟಳು. ಅವಳ ಅವ್ವ ಹತ್ತಿ ಬಿಡಿಸಲು ಹೋಗುವವಳು. ಮನೆಯಲ್ಲಿ ಆಟದ ಸಾಮಾನು ಅಂತ ಒಂದೂ ಇರಲಿಲ್ಲ. ಹೆಡ್‌ಮಾಸ್ತರರು ಅವಳ ಕೈಯಿಂದ ನವಿಲನ್ನು ಕಸಿದು, ಕಾರ್ಡುಗಳನ್ನೆಲ್ಲ ಶಾಲೆಯ ತಗಡಿನ ಟ್ರಂಕಿಗೆ ಹಾಕಿ ಬೀಗ ಜಡಿದರು. ಕೀಲಿಕೈ ಅವರ ಉಡದಾರಕ್ಕೆ ಹೋಯಿತು.

ಅಂದಿನಿಂದ ದಿನಾ ಬೆಳಿಗ್ಗೆ ಅವಳದು ಒಂದೇ ಪ್ರಶ್ನೆ: "ಟೀಚರ್, ಇವತ್ತರ ಟ್ರಂಕ್ ತೆಗಿತೀರೇನ್ರಿ?" ನಾನು ಹೋಗಿ ಹೆಡ್‌ಮಾಸ್ತರರನ್ನು ಕೇಳುತ್ತಿದ್ದೆ. ಅವರು ಮೊಬೈಲಿನಿಂದ ಕಣ್ಣೆತ್ತದೆ, "ಮಕ್ಕಳ ಕೈಯಾಗ ಕೊಟ್ರ ಹಾಳಾಗ್ತಾವ್ರಿ. ತಪಾಸಣೆಗೆ ಸಾಹೇಬ್ರು ಬಂದಾಗ ತೆಗಿಯೋಣು," ಎನ್ನುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವುದು ಇದಕ್ಕೇ. ನನಗೆ ಮೈಯೆಲ್ಲಾ ಉರಿಯುತ್ತಿತ್ತು.

ಹುಡುಗಿ ಸುಮ್ಮನಿರುವವಳಲ್ಲ. ಹೆಡ್‌ಮಾಸ್ತರರ ಕುರ್ಚಿಯ ಹಿಂದೆ ನಿಂತು ಮೊಬೈಲು ನೋಡುತ್ತಿದ್ದಳು. "ಸರ್, ಮ್ಯಾಲ ಮೂಲ್ಯಾಗ ಇನ್ನೊಂದು ಹೂವು ಅದ ನೋಡ್ರಿ!"

"ಏ, ಹೋಗಬೇ! ಅಭ್ಯಾಸ ಮಾಡ್ಹೋಗು!" ಎಂದು ಗದರಿಸಿ, ಅವಳು ಹೇಳಿದ ಮೂಲೆಯನ್ನೇ ಒತ್ತುತ್ತಿದ್ದರು. ಟಣ್.

ಅವಳು ಮೂರನೇ ತರಗತಿಗೆ ಬಂದಳು. ಟ್ರಂಕು ಇದ್ದಲ್ಲೇ ಇತ್ತು.

ಕೊನೆಗೊಂದು ದಿನ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಹೆಡ್‌ಮಾಸ್ತರರು ಇಸ್ತ್ರಿ ಅಂಗಿ ತೊಟ್ಟು, ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ಉಡದಾರದಿಂದ ಕೀಲಿಕೈ ಬಿಚ್ಚಿ ಟ್ರಂಕು ತೆಗೆದರು. ಒಳಗೆ ಗೆದ್ದಲಿನ ಮಣ್ಣು. ತುಕ್ಕು ಹಿಡಿದ ತಳದಿಂದ ಗೆದ್ದಲು ನುಗ್ಗಿ ಅರ್ಧ ಕಾರ್ಡುಗಳನ್ನು ಪುಡಿ ಮಾಡಿತ್ತು. ಉಳಿದವುಗಳಲ್ಲಿ ತೂತು. ಎರಡು ನವಿಲಿನಲ್ಲಿ ಒಂದೇ ಉಳಿದಿತ್ತು, ಅದಕ್ಕೂ ಕತ್ತಿರಲಿಲ್ಲ.

ನನ್ನ ಕಣ್ಣಲ್ಲಿ ನೀರು ಬಂತು. ಹೆಡ್‌ಮಾಸ್ತರರಿಗೆ ಬಂದದ್ದು ವೇದಾಂತ. "ನೋಡಿದ್ರೇನ್ರಿ ಮೇಡಂ? ಇಷ್ಟು ಭದ್ರ ಇಟ್ರನ ಹಿಂಗಾತು. ಇನ್ನ ಮಕ್ಕಳ ಕೈಯಾಗ ಕೊಟ್ಟಿದ್ರ?"

ಥೂ ನಿನ್ನ, ಎಂದು ಮನಸ್ಸಿನಲ್ಲೇ ಬೈದೆ.

ಅಷ್ಟರಲ್ಲಿ ಹುಡುಗಿ ಕಾರ್ಡುಗಳನ್ನೆಲ್ಲ ಲಂಗದಲ್ಲಿ ತುಂಬಿಕೊಂಡು ಪಡಸಾಲೆಗೆ ಹೋಗಿಯಾಗಿತ್ತು. ಮಣ್ಣು ಊದಿ, ಹರವಿ, ಸ್ವಲ್ಪ ಹೊತ್ತು ನೋಡಿದಳು. ನವಿಲನ್ನೂ ಬಂಡಿಯನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಳು. ಕಾರ್ಡುಗಳು ಒತ್ತಾಗಿ ಕೂತಿದ್ದಾಗ ಗೆದ್ದಲು ಒಂದರಿಂದ ಇನ್ನೊಂದಕ್ಕೆ ಕೊರೆದುಕೊಂಡು ಹೋಗಿತ್ತು.

"ಟೀಚರ್, ಇವು ಜೋಡಿ! ತೂತು ಒಂದ ಸಮ ಅದಾವ ನೋಡ್ರಿ!"

ಮಕ್ಕಳು ಹೋ ಎಂದು ಮುತ್ತಿಕೊಂಡವು. ಚಿತ್ರ ಬಿಟ್ಟು ತೂತು ಹೊಂದಿಸುವ ಆಟ ಶುರುವಾಯಿತು. ಚೀಟಿಂಗ್, ಜಗಳ, ಕಿರುಚಾಟ. ನಾನೂ ನೆಲಕ್ಕೆ ಕೂತೆ.

ಸಾಹೇಬರು ಬರಲೇ ಇಲ್ಲ. ಸಂಜೆ ಹೆಡ್‌ಮಾಸ್ತರರು ಹೇಳಿದರು, "ಅವು ಸ್ಟಾಕಿನಾಗ ಅದಾವ್ರಿ, ಒಳಗ ಇಡ್ರಿ. ಈ ಸಲ ಎಲ್ಡು ಕೀಲಿ ಹಾಕೋಣು."

"ಆತ್ರಿ ಸರ್," ಎಂದೆ. ಕಾರ್ಡುಗಳು ಹುಡುಗಿಯ ಪಾಟಿಚೀಲದಲ್ಲಿದ್ದವು. ಮುಚ್ಚಿದ ಟ್ರಂಕನ್ನು ಅವರ ಮುಂದೆ ಇಟ್ಟೆ.

ಮರುದಿನ ಅವರು ರಾಯಚೂರಿನಿಂದ ಎರಡು ಹೊಸ ಬೀಗ ತಂದರು. ಖಾಲಿ ಟ್ರಂಕಿಗೆ ಎರಡನ್ನೂ ಜಡಿದು, ಜಗ್ಗಿ ಜಗ್ಗಿ ನೋಡಿ, ಸಮಾಧಾನದಿಂದ ಕುರ್ಚಿಯಲ್ಲಿ ಕೂತು ಮೊಬೈಲು ತೆಗೆದರು.