ಮಲ್ಲಿಗೆ ದಾರದ ವಿಮಾನ

ಮೊನ್ನೆ ರವಿಕೆ ಹೊಲಿಸಲು, ಈ ಪರದೇಶದಲ್ಲಿ ನಮ್ಮವರ ಟೈಲರ್ ಅಂಗಡಿಗಳಿರುವ ಸತ್ವಾ ಬಡಾವಣೆಗೆ ಹೋಗಿದ್ದೆ. ಟೈಲರ್ ಅಂಗಡಿಯ ಪಕ್ಕದಲ್ಲಿ ಯಾರೋ ಮರದ ಫ್ರೇಮಿಗೆ ಅಂಟು ಬಳಿಯುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಅಳತೆ ಕೊಡುವುದನ್ನೂ ಮರೆತು ನಿಂತುಬಿಟ್ಟೆ. ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಹಳೆಯ ಫ್ಲ್ಯಾಟು, ಎದುರು ಮನೆಯ ಬಾಗಿಲು, ಆ ಬಾಗಿಲಲ್ಲಿ ಮಂಗಳೂರು ಕಡೆಯ ಆಂಟಿ...

ಅವರ ಮನೆಯಲ್ಲಿ ಸದಾ ಅದೇ ವಾಸನೆ. ಅಂಕಲ್‌ಗೆ ಹಳೆಯ ಯುದ್ಧವಿಮಾನಗಳ ಮಾದರಿ ಮಾಡುವ ಹುಚ್ಚು. ರಜೆ ಬಂತೆಂದರೆ ಊಟದ ಮೇಜಿನ ತುಂಬ ಮರದ ಚಕ್ಕೆ, ನಕ್ಷೆ, ಅಂಟಿನ ಟ್ಯೂಬು. "ವಿಮಾನ ಮೇಜಿನಲ್ಲಿ, ನಾವು ನೆಲದಲ್ಲಿ" ಎಂದು ಆಂಟಿ ಗೊಣಗುತ್ತಿದ್ದರು. ಅಂಕಲ್ ಕೊನೆಗೆ ಹಿಡಿದದ್ದು ನೌಕಾಪಡೆಯ ಒಂದು ಬಾಂಬರ್. ಹಡಗಿನಿಂದ ಹಾರಿ, ಆಕಾಶದಿಂದ ನೇರ ಕೆಳಗೆ ಧುಮುಕಿ ಬಾಂಬು ಹಾಕುವಂಥದ್ದು. ಅದಕ್ಕೆ ರೆಕ್ಕೆ ಅಂಟಿಸುವ ಮೊದಲೇ, ಆಫೀಸಿನಲ್ಲಿ ಕುಳಿತಲ್ಲೇ ಹೋಗಿಬಿಟ್ಟರು.

ಆಂಟಿಯ ವೀಸಾ ಅಂಕಲ್ ಹೆಸರಿನ ಮೇಲಿತ್ತು. ಊರಿಗೆ ಹೊರಡಲೇಬೇಕು, ಟಿಕೆಟ್ಟೂ ಆಗಿತ್ತು. ಸೋಫಾ ಮಾರಿದರು, ಮಂಚ ಮಾರಿದರು. ಮೇಜನ್ನು ಮಾತ್ರ ಯಾರಿಗೂ ಮುಟ್ಟಲು ಬಿಡಲಿಲ್ಲ.

"ಅರ್ಧಕ್ಕೆ ಬಿಟ್ಟು ಹೋಗ್ಲಿಕ್ಕೆ ಮನಸ್ಸು ಬರುದಿಲ್ಲ ಮಾರಾಯ್ತಿ. ಹೊರಡುವ ಮೊದಲು ಮುಗಿಸ್ಬೇಕು. ನೀನು ಆ ಇಂಗ್ಲಿಷ್ ಓದಿ ಹೇಳು, ನಾನು ಅಂಟಿಸ್ತೇನೆ" ಎಂದರು.

ಆಫೀಸಿನಿಂದ ಬಂದವಳು ದಿನಾ ಅಲ್ಲೇ ಕೂರುತ್ತಿದ್ದೆ. ನಕ್ಷೆಯ ಜೊತೆಗಿದ್ದ ಹಾಳೆಯಲ್ಲಿ ಆ ವಿಮಾನದ ಕಥೆಯೂ ಇತ್ತು. ಮೊದಲು ಒಂದೇ ಜೊತೆ ರೆಕ್ಕೆ ಇಟ್ಟು ಮಾಡಿದ್ದರಂತೆ. ಪರೀಕ್ಷೆಗೆಂದು ಧುಮುಕಿಸಿದಾಗ ರೆಕ್ಕೆ ಮುರಿದೇ ಹೋಯಿತಂತೆ. ಆಮೇಲೆ ಮೇಲೊಂದು ಜೊತೆ, ಕೆಳಗೊಂದು ಜೊತೆ ಇಟ್ಟು, ನಡುವೆ ತಂತಿ ಬಿಗಿದು ಗಟ್ಟಿ ಮಾಡಿದರು. ಅದು ಪಡೆಗೆ ಸೇರುವ ಹೊತ್ತಿಗೆ ಅದಕ್ಕಿಂತ ಒಳ್ಳೆಯ ವಿಮಾನಗಳು ತಯಾರಾಗುತ್ತಿದ್ದವು.

"ಅಷ್ಟು ಕಷ್ಟಪಟ್ಟು ಮಾಡಿದ್ದು, ಬರುವಾಗಲೇ ಹಳತಾ? ಪಾಪ" ಎಂದರು ಆಂಟಿ. ಬಾಂಬರ್ ವಿಮಾನಕ್ಕೆ ಪಾಪ ಅಂದವರನ್ನು ನಾನು ಕಂಡದ್ದು ಅವರೊಬ್ಬರನ್ನೇ.

ನಮ್ಮನ್ನು ಕಾಡಿಸಿದ್ದು ಆ ತಂತಿಯೇ. ತಂತಿಯ ಬದಲು ಮಾದರಿಯ ಪೆಟ್ಟಿಗೆಯಲ್ಲಿ ಕೊಟ್ಟಿದ್ದ ದಾರ ಎಷ್ಟು ಬಿಗಿದರೂ ಸಡಿಲವಾಗಿ, ಮೇಲಿನ ರೆಕ್ಕೆ ವಾಲುತ್ತಿತ್ತು. ನಾನು ಕೈಚೆಲ್ಲಿ ಕುಳಿತೆ. ಆಂಟಿ ಒಳಗೆ ಹೋಗಿ ಮಲ್ಲಿಗೆ ಕಟ್ಟುವ ದಾರ ತಂದರು. ಹೂವಿಗೆ ಹಾಕುವ ಗಂಟನ್ನೇ ಹಾಕಿ ಎಳೆದರು. ರೆಕ್ಕೆ ಆಮೇಲೆ ಅಲ್ಲಾಡಲಿಲ್ಲ. "ಅವರಿಗೆ ಇದೆಲ್ಲ ಎಲ್ಲಿಂದ ಬರ್ಬೇಕು? ಒಂದು ದಿನ ಹೂ ಕಟ್ಟಿದವರಾ?" ಎಂದು ನಗುತ್ತ ನಗುತ್ತಲೇ ಅತ್ತರು. ನಾನೂ ಅತ್ತೆ.

ಕೊನೆಗೆ ಉಳಿದದ್ದು ಎರಡು ಪುಟ್ಟ ಗೊಂಬೆ. ಮುಂದಿನ ಸೀಟಿನಲ್ಲಿ ವಿಮಾನ ನಡೆಸುವವನು. ಅವನಿಗೆ ಬೆನ್ನು ಮಾಡಿ, ಹಿಂಬದಿ ಕಾಯುತ್ತ ಕೂರುವವನು ಇನ್ನೊಬ್ಬ. ಇಬ್ಬರನ್ನೂ ಆಂಟಿಯೇ ಕೂರಿಸಿದರು. ಲಗೇಜಿನಲ್ಲಿ ಪುಡಿಯಾದೀತೆಂದು, ಹೊರಡುವ ಬೆಳಿಗ್ಗೆ ವಿಮಾನವನ್ನು ನನ್ನ ಕೈಗೇ ಕೊಟ್ಟು ಹೋದರು.

ಸಂಜೆ ನೋಡುತ್ತೇನೆ, ಮುಂದಿನ ಗೊಂಬೆ ಇಲ್ಲ. ಎಲ್ಲಿ ಬೀಳಿಸಿದೆನೋ ಎಂದು ಗಾಬರಿಯಾಗಿ ಊರಿಗೆ ಫೋನ್ ಮಾಡಿದೆ.

"ಬಿದ್ದದ್ದಲ್ಲ. ನನ್ನ ಪರ್ಸಿನಲ್ಲಿ ಉಂಟು" ಎಂದರು. "ಅವರನ್ನು ಅಲ್ಲಿ ಬಿಟ್ಟು ಬರ್ಲಿಕ್ಕೆ ಆಗ್ತದಾ?"

ಕಳೆದ ವರ್ಷ ಆಂಟಿಯೂ ತೀರಿಕೊಂಡರು...

ಮೊನ್ನೆ ಸತ್ವಾದಿಂದ ಬಂದವಳೇ ಫ್ರಿಜ್ಜಿನ ಮೇಲಿನ ವಿಮಾನ ಇಳಿಸಿ ದೂಳು ಒರೆಸಿದೆ. ಗಂಟುಗಳು ಹಾಗೇ ಬಿಗಿಯಾಗಿವೆ. ಹಿಂದಿನವನು ಹಿಂದಕ್ಕೇ ನೋಡುತ್ತ ಕೂತಿದ್ದಾನೆ. ಮುಂದಿನ ಸೀಟು ಖಾಲಿ. ಆಂಟಿಯ ಪರ್ಸು ಈಗ ಯಾರ ಮನೆಯಲ್ಲಿದೆಯೋ, ಅದರೊಳಗಿನ ಗೊಂಬೆ ಯಾರೆಂದು ಅವರಿಗೆ ಹೇಳುವವರು ಯಾರೋ.