ಹತ್ತು ನಿಮಿಷದ ಕೆಂಪು

ಅಥವಾ ಆ ಕೆಂಪು ನಾನೀಗ ನೆನೆಯುವಷ್ಟು ಚೆನ್ನಾಗಿರಲೇ ಇಲ್ಲವೇನೋ. ತುಮಕೂರಿನ ಲ್ಯಾಬಿನಲ್ಲಿ ನಾವು, ಟಿವಿ ಪರದೆಯ ನೀಲಿ ಬೆಳಕನ್ನು ಕೆಂಪಾಗಿಸುವ ಕ್ವಾಂಟಮ್ ಡಾಟ್ ಎಂಬ ಅತಿಸೂಕ್ಷ್ಮ ಕಣಗಳ ಪದರವನ್ನು ಗಾಜಿಗೆ ಹಚ್ಚಿ ಹಾಟ್ ಪ್ಲೇಟಿನ ಮೇಲೆ ಕಾಯಿಸುತ್ತಿದ್ದೆವು. ಯಾವಾಗಲೂ ಸ್ವಲ್ಪ ನೀಲಿ ಸೋರುತ್ತಿತ್ತು; ಪದರ ದಪ್ಪ ಮಾಡಿದರೆ ಬೆಳಕೇ ಮಂಕಾಗುತ್ತಿತ್ತು. ಒಮ್ಮೆ ಮಾತ್ರ ನಾನು ಕಾಯಿಸಿದ ಗಾಜಿನಲ್ಲಿ ಅಪ್ಪಟ ಕೆಂಪು ಬಂತು, ಬೆಳಕೂ ಕುಗ್ಗಲಿಲ್ಲ. ಲ್ಯಾಬಿನ ದಾಖಲೆ ಪುಸ್ತಕದಲ್ಲಿ ‘ಹತ್ತು ನಿಮಿಷ’ ಎಂದು ಅಭ್ಯಾಸಬಲದಿಂದ ಮೊದಲೇ ಬರೆದಿಟ್ಟಿದ್ದೆ. ಆಮೇಲೆ ಗುಬ್ಬಿಯಿಂದ ಅಕ್ಕನ ಫೋನ್ ಬಂದು ಹೊರಗೆ ಹೋಗಿದ್ದೆ.

ಕುಣಿಗಲ್ಲಿನ ಸಹೋದ್ಯೋಗಿ ತನ್ನ ಪಿಎಚ್.ಡಿ.ಗಾಗಿ ಆ ಹತ್ತು ನಿಮಿಷವನ್ನೇ ನಂಬಿ ತಿಂಗಳುಗಟ್ಟಲೆ ಗಾಜು ಕಾಯಿಸಿದಳು. ಆ ಕೆಂಪು ಬರಲಿಲ್ಲ.

“ನಿನ್ ಕೈಗುಣಾನೂ ಬರ್ಕೊಡೋ, ಅದನ್ನೂ ಥೀಸಿಸ್‌ನಲ್ಲಿ ಹಾಕ್ತೀನಿ,” ಎಂದು ಕೆಣಕಿದಳು.

ನಕ್ಕುಬಿಟ್ಟೆ. ನಿಜ ಹೇಳಲು ಹೋದರೂ ಅವಳಿಗೆ ಕೊಡಲು ನನ್ನಲ್ಲಿ ಬೇರೆ ಅಂಕಿಯಿಲ್ಲ. ಆ ಗಾಜು ಎಷ್ಟು ಹೊತ್ತು ಬಿಸಿಯ ಮೇಲಿತ್ತೋ, ನನಗೆ ಗೊತ್ತಿಲ್ಲ.